ಹುಟ್ಟಿದ ಗಣಿಯೂರು ಪಾಳುಬಿದ್ದಿದೆ. ಉಳಿಸುವ ಕೆಲಸ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ

ಪುಣೆಯ ಚಿಂಚವಡದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದ ಉದ್ದನೆಯ ಪತ್ರದ ಸಾರವಿದು. ಅವರ ಕೋರಿಕೆಯಂತೆ ಗಣಿಯ ಹೆಸರನ್ನು ಬಿಟ್ಟಿದ್ದೇನೆ.

“ನನ್ನ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಕಲಿತು, ಆಮೇಲೆ ಒಂದು ತಾಮ್ರದ ಗಣಿಗೆ ಸರ್ವೇಯರ್ ಆಗಿ ಹೋದವರು. ನಾನು ಹುಟ್ಟಿ ಬೆಳೆದದ್ದು ಆ ಗಣಿಯ ಕ್ವಾರ್ಟರ್ಸಿನಲ್ಲಿ. ಗಣಿ ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾಯಿತು. ಕಳೆದ ದೀಪಾವಳಿಯಲ್ಲಿ ಮಕ್ಕಳಿಗೆ ತೋರಿಸೋಣವೆಂದು ಹೋದರೆ ಅದಿರು ಅರೆಯುತ್ತಿದ್ದ ಮಿಲ್ಲಿಗೆ ಚಾವಣಿ ಇರಲಿಲ್ಲ, ಗೋಡೆಗಳ ಮೇಲೆ ಅರಳಿಗಿಡಗಳು ಎದ್ದಿದ್ದವು, ಗಣಿಯೊಳಗೆ ಇಳಿಯುವ ಬಾವಿಯಂಥ ಶಾಫ್ಟಿನ ಬಾಯಿಗೆ ಹಾಸಿದ್ದ ಹಲಗೆಗಳು ಕುಸಿದಿದ್ದವು. ಕೆಳಗಿನ ಹೊಂಡದ ನೀರು ನೀಲಿಹಸಿರಾಗಿತ್ತು. ‘ತಾಮ್ರದ ನೀರು, ಮೈಗೆ ಒಳ್ಳೆಯದು’ ಎಂದು ಊರಿನ ಹಿರಿಯರೊಬ್ಬರು ಅದರಲ್ಲಿ ಕೈಕಾಲು ತೊಳೆದರು. ‘ಇಲ್ಲಿಯ ಗಾಳಿಯೂ ವಿಷ’ ಎಂದು ನನ್ನ ತಮ್ಮ ಗದರಿದ. ಮಗ ಚಿನ್ನದಂತೆ ಹೊಳೆಯುವ ಕಲ್ಲೊಂದನ್ನು ಮನೆಗೆ ತಂದಿದ್ದಾನೆ. ಮುಂಬೈ, ಪುಣೆಗಳಲ್ಲಿರುವ ನಮ್ಮಂಥ ಮೂವತ್ತು ಕುಟುಂಬಗಳು ಹಣ ಕೂಡಿಸಿ, ಮಿಲ್ಲಿಗೆ ಚಾವಣಿ ಹಾಕಿಸಿ, ಚಿಕ್ಕದೊಂದು ವಸ್ತುಸಂಗ್ರಹಾಲಯ ಮಾಡಬೇಕೆಂದಿದ್ದೇವೆ. ಇದು ಆಗುವ ಮಾತೇ? ಇಲ್ಲವೇ, ಅಪಾಯದ ಜಾಗವೆಂದು ಎಲ್ಲವನ್ನೂ ಕೆಡವಿಬಿಡುವುದೇ ಸರಿಯೇ? ತಂದೆಯ ಟ್ರಂಕಿನಲ್ಲಿ ಗಣಿಯ ಕೆಲವು ಹಳೆಯ ನಕ್ಷೆಗಳೂ ಇವೆ. ಅವನ್ನು ಲ್ಯಾಮಿನೇಟ್ ಮಾಡಿಸಿ ಅಲ್ಲಿ ತೂಗುಹಾಕುವ ಯೋಚನೆಯಿದೆ.”

ಉತ್ತರ

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ ಎಂದು ನನಗನಿಸುತ್ತದೆ: ಊರನ್ನು ಉಳಿಸಹೊರಟು ಯಾರಿಗಾದರೂ ಕೇಡು ಮಾಡಿಬಿಟ್ಟೇವೇ, ಕೇಡಿಗೆ ಹೆದರಿ ಸುಮ್ಮನಿದ್ದರೆ ತಂದೆಯವರ ಬದುಕಿನ ಗುರುತೇ ಅಳಿದುಹೋದೀತೇ ಎಂಬುದು. ನಾನು ನೆಲ, ಬಂಡೆಗಳ ಭದ್ರತೆಯನ್ನು ಅಳೆಯುವ ಭೂತಂತ್ರ ಎಂಜಿನಿಯರ್ ಆಗಿ ಗಣಿಗಳಲ್ಲಿ ಕೆಲಸ ಆರಂಭಿಸಿ, ಮುಂದಿನ ಹೆಚ್ಚಿನ ವರ್ಷಗಳನ್ನು ಮುಂಬೈಯ ಹಳೆಯ ಗಿರಣಿ, ಗೋದಾಮುಗಳ ಗಟ್ಟಿತನವನ್ನು ಪರೀಕ್ಷಿಸುವುದರಲ್ಲಿ ಕಳೆದವನು. ಆ ಎರಡೂ ಅನುಭವಗಳ ಬಲದಿಂದ ಹೇಳುವುದಾದರೆ, ನಿಮ್ಮ ಆಸೆ ಅಸಾಧ್ಯವಾದದ್ದಲ್ಲ, ಆದರೆ ನೀವು ಹಾಕಿಕೊಂಡಿರುವ ಕ್ರಮ ತಲೆಕೆಳಗಾಗಿದೆ. ಚಾವಣಿ ಕೊನೆಗೆ ಬರಬೇಕಾದದ್ದು. ಮೊದಲು ಬರಬೇಕಾದದ್ದು ನಿಮ್ಮ ಮನೆಯ ಟ್ರಂಕಿನಲ್ಲಿಯೇ ಇದೆ.

ಅದಕ್ಕೂ ಮುಂಚೆ ನೀರಿನ ಮಾತು, ಅದರಲ್ಲಿ ತಡಮಾಡುವಂತಿಲ್ಲ. ತಾಮ್ರದ ತಂಬಿಗೆಯಲ್ಲಿ ರಾತ್ರಿ ತುಂಬಿಟ್ಟ ನೀರಿಗೂ ಗಣಿಯ ಹೊಂಡದ ನೀರಿಗೂ ಹೆಸರಿನಲ್ಲಿ ಮಾತ್ರ ಸಾಮ್ಯ. ಚೊಕ್ಕವಾದ ತಂಬಿಗೆಯಲ್ಲಿ ಸಾಮಾನ್ಯ ಕುಡಿಯುವ ನೀರಿಟ್ಟರೆ ಅದಕ್ಕಿಳಿಯುವ ತಾಮ್ರ ಅತ್ಯಲ್ಪ. ಅದೇ ತಂಬಿಗೆಯಲ್ಲಿ ಮಜ್ಜಿಗೆ ಇಡಬಾರದು, ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಬಾರದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಹುಳಿಯು ತಾಮ್ರವನ್ನು ಕರಗಿಸಿ ಕಿಲುಬೆಬ್ಬಿಸುತ್ತದೆ ಎಂಬ ಕಾರಣಕ್ಕೆ. ಮುಚ್ಚಿದ ತಾಮ್ರದ ಗಣಿಯೆಂದರೆ ಹುಳಿಯನ್ನು ತನ್ನೊಳಗೇ ಹುಟ್ಟಿಸಿಕೊಳ್ಳುವ ಪಾತ್ರೆ. ನಮ್ಮ ದೇಶದ ತಾಮ್ರದ ಅದಿರಿನ ಮುಖ್ಯ ಖನಿಜವಾದ ಚಾಲ್ಕೊಪೈರೈಟ್ ತಾಮ್ರ, ಕಬ್ಬಿಣ, ಗಂಧಕಗಳ ಸಂಯುಕ್ತ. ಅದರ ಜೊತೆಗೆ ಸಾಮಾನ್ಯವಾಗಿ ಕಬ್ಬಿಣ, ಗಂಧಕ ಮಾತ್ರವಿರುವ ಪೈರೈಟ್ ಬೆರೆತಿರುತ್ತದೆ. ಕೋಟ್ಯಂತರ ವರ್ಷ ಗಾಳಿ ಸೋಕದೆ ನೆಲದಡಿ ಭದ್ರವಾಗಿದ್ದ ಈ ಖನಿಜಗಳಿಗೆ ಸುರಂಗ ತೋಡಿದ ಮೇಲೆ ಗಾಳಿಯೂ ನೀರೂ ತಗುಲಿ, ಗಂಧಕವು ಗಂಧಕಾಮ್ಲವಾಗುತ್ತದೆ. ಕಬ್ಬಿಣದಿಂದಲೇ ಶಕ್ತಿ ಪಡೆಯುವ ಕೆಲವು ಸೂಕ್ಷ್ಮಾಣುಗಳು ಈ ಕ್ರಿಯೆಯ ವೇಗವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಹಾಗೆ ಹುಟ್ಟಿದ ಆಮ್ಲ ತಾಮ್ರವನ್ನು ಮಾತ್ರ ಕರಗಿಸಿ ನಿಲ್ಲುವುದಿಲ್ಲ. ಆ ಬಂಡೆಯಲ್ಲಿ ನಿಕ್ಕಲ್, ಕ್ಯಾಡ್ಮಿಯಂ, ಆರ್ಸೆನಿಕ್ ಇದ್ದರೆ ಅವನ್ನೂ ಕರೆದುಕೊಂಡು ಹೊರಗೆ ಬರುತ್ತದೆ. ಗಣಿ ನಡೆಯುವಾಗ ಪಂಪುಗಳು ನೀರನ್ನು ತಳದಲ್ಲಿಯೇ ಹಿಡಿದಿಟ್ಟಿರುತ್ತವೆ. ಅವು ನಿಂತ ಮೇಲೆ ನೀರು ಸುರಂಗಗಳ ಅಂತಸ್ತುಗಳಲ್ಲಿ, ಲೆವೆಲ್‌ನಿಂದ ಲೆವೆಲ್‌ಗೆ ಏರುತ್ತ, ಗೋಡೆಗಳ ಮೇಲೆ ವರ್ಷಗಟ್ಟಲೆ ಕೂತಿದ್ದ ಲವಣಗಳನ್ನೆಲ್ಲ ತೊಳೆದುಕೊಳ್ಳುತ್ತ, ಒಂದು ದಿನ ತಗ್ಗಾದ ಕಡೆ ಹೊರಬೀಳುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ವೀಲ್ ಜೇನ್ ಗಣಿಯಲ್ಲಿ 1991ರಲ್ಲಿ ಕೆಲಸ ನಿಂತು, 1992ರ ಜನವರಿಯಲ್ಲಿ ಹೀಗೆ ಒಮ್ಮೆಲೇ ನುಗ್ಗಿದ ನೀರು ಫಾಲ್ ನದಿಯ ಅಳಿವೆಯನ್ನೇ ಕಾವಿ ಬಣ್ಣಕ್ಕೆ ತಿರುಗಿಸಿತ್ತು.

ನೀವು ಕಂಡ ನೀಲಿಹಸಿರು ಹೆಚ್ಚಾಗಿ ಕರಗಿದ ತಾಮ್ರದ್ದು. ಮಲೆನಾಡಿನ ಅಡಿಕೆ ತೋಟದವರು ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಬಣ್ಣವೂ ಇದೇ ತಾಮ್ರದಿಂದ ಬಂದದ್ದು, ಅದನ್ನು ಮೈಗೆ ಒಳ್ಳೆಯದೆಂದು ಯಾವ ತೋಟಿಗರೂ ಹೇಳುವುದಿಲ್ಲ. ಅವರು ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವಾಗ, ಹುಳಿ ಪೂರ್ತಿ ಇಳಿದಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಪದರ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಆ ಕೆಂಪು ಪದರ ಶುದ್ಧ ತಾಮ್ರ. ಕಬ್ಬಿಣ ಕರಗಿ ತಾಮ್ರ ಕೂರುವ ಇದೇ ಗುಣವನ್ನು ಹಿಡಿದು, ಸ್ಪೇನಿನ ರಿಯೊ ಟಿಂಟೊದಲ್ಲಿಯೂ ವೇಲ್ಸಿನ ಪ್ಯಾರಿಸ್ ಬೆಟ್ಟದಲ್ಲಿಯೂ ಗಣಿನೀರಿಗೆ ಗುಜರಿ ಕಬ್ಬಿಣ ಹಾಕಿ ತಾಮ್ರ ತೆಗೆಯುತ್ತಿದ್ದರು. ಗಣಿನೀರನ್ನು ಶುದ್ಧೀಕರಿಸುವ ಸಾಮಾನ್ಯ ವಿಧಾನವೂ ಸುಣ್ಣವೇ. ನಿಮ್ಮ ಊರಿನ ಹಿರಿಯರಿಗೆ ವಿಜ್ಞಾನದ ಪಾಠ ಹೇಳುವುದಕ್ಕಿಂತ ಮೈಲುತುತ್ತದ ಮಾತು ಹೇಳಿದರೆ ಬೇಗ ಒಪ್ಪಿಯಾರು.

ಒಮ್ಮೆ ಕೈಕಾಲು ತೊಳೆದುದರಿಂದ ಆ ಹಿರಿಯರಿಗೆ ದೊಡ್ಡ ಕೇಡೇನೂ ಆಗಿರಲಾರದು. ಚಿಂತೆ ಪಡಬೇಕಾದದ್ದು ಆ ನೀರು ಹರಿದುಹೋಗುವ ದಿಕ್ಕಿನಲ್ಲಿರುವ ಬಾವಿಗಳ ಬಗ್ಗೆ, ದನಗಳ ಬಗ್ಗೆ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ; ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ. ಮೀನು, ಕಪ್ಪೆಮರಿಗಳು ಇದಕ್ಕಿಂತ ಎಷ್ಟೋ ಕಡಿಮೆ ತಾಮ್ರಕ್ಕೇ ಸಾಯುತ್ತವೆ, ಆದ್ದರಿಂದ ಪಾಚಿಯಿಲ್ಲದೆ ತಿಳಿಯಾಗಿ ಕಾಣುವ ಹೊಂಡ ಶುದ್ಧವಾದದ್ದೆಂದು ನಂಬಬಾರದು. ಅಮೆರಿಕದ ಬ್ಯೂಟ್ ಎಂಬ ತಾಮ್ರದ ಊರಿನಲ್ಲಿ 1982ರಲ್ಲಿ ಪಂಪು ನಿಲ್ಲಿಸಿದ ಮೇಲೆ ತುಂಬಿಕೊಂಡ ಬರ್ಕ್ಲಿ ಹೊಂಡದಲ್ಲಿ, 1995ರಲ್ಲಿ ಇಳಿದು ತಂಗಿದ್ದ ಮುನ್ನೂರಕ್ಕೂ ಹೆಚ್ಚು ಹಿಮಬಾತುಗಳು ಸತ್ತವು. ಕೆಳಗಿನ ಬಾವಿಗಳ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಎರಡು ಸಲ ಪರೀಕ್ಷೆ ಮಾಡಿಸಿ: ಬೇಸಗೆಯ ಕೊನೆಗೊಮ್ಮೆ, ಮೊದಲ ದೊಡ್ಡ ಮಳೆಯ ನಂತರ ಇನ್ನೊಮ್ಮೆ. ಬೇಸಗೆಯಲ್ಲಿ ಒಣಗಿ ಕೂತ ಲವಣವೆಲ್ಲ ಮೊದಲ ಮಳೆಗೆ ಕರಗಿ ಇಳಿಯುವುದರಿಂದ, ಚಳಿಗಾಲದಲ್ಲಿ ತೆಗೆದ ಒಂದೇ ಬಾಟಲಿಯನ್ನು ನಂಬಿ ನಿರ್ಧಾರ ಮಾಡುವುದು ತಪ್ಪಾಗುತ್ತದೆ. ಆಮ್ಲೀಯತೆ, ತಾಮ್ರ, ಆರ್ಸೆನಿಕ್, ಕ್ಯಾಡ್ಮಿಯಂ, ನಿಕ್ಕಲ್‌ಗಳ ಜೊತೆಗೆ ಸಲ್ಫೇಟನ್ನೂ ಅಳೆಯಲು ಹೇಳಿ. ಬೇರೆಲ್ಲ ಲಕ್ಷಣಗಳಿಗಿಂತ ಮೊದಲು ಏರುವುದು ಅದು.

ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ಬಯಲಿನ ಗಾಳಿ ವಿಷವಲ್ಲ. ಆದರೆ ಎರಡು ಜಾಗಗಳನ್ನು ಅದರಿಂದ ಬೇರೆಮಾಡಬೇಕು. ಒಂದು ಸುರಂಗದ ಒಳಗು. ಪೈರೈಟ್ ಆಮ್ಲವಾಗುವಾಗ ಗಾಳಿಯ ಆಮ್ಲಜನಕವನ್ನು ನುಂಗುತ್ತದೆ. ಹೊರಗಿನ ವಾಯುಭಾರ ಇಳಿದಾಗ ಗಣಿ ಉಸಿರು ಬಿಡುತ್ತದೆ, ಏರಿದಾಗ ಒಳಗೆಳೆದುಕೊಳ್ಳುತ್ತದೆ. ನಿನ್ನೆ ಹತ್ತು ಹೆಜ್ಜೆ ಒಳಹೋಗಿ ಕ್ಷೇಮವಾಗಿ ಬಂದವನಿಗೆ ಇಂದು ಅದೇ ಜಾಗದಲ್ಲಿ ಎಚ್ಚರ ತಪ್ಪಬಹುದು, ವಾಸನೆಯಾಗಲಿ ಕೆಮ್ಮಾಗಲಿ ಮುನ್ಸೂಚನೆ ಕೊಡುವುದಿಲ್ಲ. ಆದ್ದರಿಂದ ಯಾವ ಕಾರಣಕ್ಕೂ, ಎಷ್ಟೇ ಬೆಳಕಿದ್ದರೂ, ಒಳಗೆ ಕಾಲಿಡಬೇಡಿ. ಇನ್ನೊಂದು ಮಿಲ್ಲಿನ ಹಿಂದಿರುವ ಬೂದು ದಿಬ್ಬ. ಅದಿರಿನಲ್ಲಿ ತಾಮ್ರದ ಪಾಲು ನೂರಕ್ಕೆ ಒಂದರ ಆಸುಪಾಸಿರುವ ಗಣಿಯಲ್ಲಿ, ಮೇಲೆತ್ತಿದ ಬಂಡೆಯ ಬಹುಪಾಲೆಲ್ಲ ನುಣ್ಣನೆ ಅರೆದ ಪುಡಿಯಾಗಿ ಅಲ್ಲಿ ಬೀಳುತ್ತದೆ. ತಾಮ್ರ ಒಟ್ಟುಗೂಡಿದ ಪುಡಿಯಾದ ಕಾನ್ಸಂಟ್ರೇಟ್ ಲಾರಿಯಲ್ಲಿ ಹೊರಟುಹೋಯಿತು, ಬೇಡದ ಪುಡಿಯಾದ ಟೇಲಿಂಗ್ಸ್ ಊರಿಗೆ ಉಳಿಯಿತು. ಕೋಲಾರದ ಸಯನೈಡ್ ದಿಬ್ಬಗಳಿಂದ ಬೇಸಗೆಯಲ್ಲಿ ಏಳುವ ಧೂಳನ್ನು ನಿಮ್ಮ ತಂದೆಯವರು ಕಂಡೇ ಇರುತ್ತಾರೆ. ತಾಮ್ರದ ಟೇಲಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಸಯನೈಡ್ ಇರುವುದಿಲ್ಲ, ಆದರೆ ಶ್ವಾಸಕೋಶದಲ್ಲಿ ನೆಲೆನಿಲ್ಲುವಷ್ಟು ನುಣ್ಣನೆಯ ಸಿಲಿಕಾ ಇರಬಹುದು, ಲೋಹಗಳೂ ಇರಬಹುದು. ಮಕ್ಕಳು ಅದರ ಮೇಲೆ ಜಾರುಬಂಡಿ ಆಡಬಾರದು, ಯಾರೂ ಅದನ್ನು ಮನೆ ಕಟ್ಟುವ ಮರಳೆಂದು ಒಯ್ಯಬಾರದು.

ಮಗನ ಕಲ್ಲು ಬಹುಶಃ ಪೈರೈಟ್ ಅಥವಾ ಚಾಲ್ಕೊಪೈರೈಟ್. ಮುಟ್ಟಿದರೆ ಅಪಾಯವಿಲ್ಲ, ಕೈ ತೊಳೆದುಕೊಂಡರೆ ಸಾಕು. ಪುಣೆಯ ಮಳೆಗಾಲದ ತೇವದಲ್ಲಿ ಅದು ನಿಧಾನವಾಗಿ ಆಮ್ಲ ಬಿಟ್ಟು ಕೆಳಗಿನ ಕಾಗದವನ್ನು ತಿನ್ನುತ್ತದೆ, ಹಾಗಾಗಿ ಒಣ ಡಬ್ಬಿಯಲ್ಲಿಡಿ, ಮೀನಿನ ತೊಟ್ಟಿಗೆ ಹಾಕಬೇಡಿ. ಎಲ್ಲಿ ಸಿಕ್ಕಿತೆಂದು ಒಂದು ಚೀಟಿ ಬರೆದಿಡಲು ಹೇಳಿ.

ಈಗ ಕಟ್ಟಡಗಳು. ಗಣಿಯ ಕಟ್ಟಡಗಳು ಬಲವಾದ ತಳಪಾಯದವು, ಆದ್ದರಿಂದ ನೂರು ವರ್ಷ ಅಲುಗಾಡವು ಎಂಬ ನಂಬಿಕೆ ಬಹಳ ಜನರಲ್ಲಿದೆ. ಚಾವಣಿ ಇರುವವರೆಗೆ ಅದು ನಿಜ. ನಾನು ನೋಡಿದ ಹೆಚ್ಚಿನ ಕಡೆ ಕಟ್ಟಡದ ಸಾವು ಆರಂಭವಾಗುವುದು ಗುಜರಿಯವರು ಚಾವಣಿಯ ಚೌಕಟ್ಟಾದ ಟ್ರಸ್ಸುಗಳನ್ನು ಬಿಚ್ಚಿಕೊಂಡು ಹೋದ ದಿನದಿಂದ. ಟ್ರಸ್ಸು ಚಾವಣಿಯನ್ನು ಹೊರುವುದಷ್ಟೇ ಅಲ್ಲದೆ ಎದುರುಬದುರಿನ ಎತ್ತರದ ಗೋಡೆಗಳನ್ನು ಪರಸ್ಪರ ಹಿಡಿದಿಟ್ಟಿರುತ್ತದೆ. ಅದು ಹೋದ ಮೇಲೆ ಪ್ರತಿ ಗೋಡೆಯೂ ಒಂಟಿಯಾಗಿ ಗಾಳಿಯ ಹೊಡೆತ ತಿನ್ನಬೇಕು. ತೆರೆದ ನೆತ್ತಿಯಿಂದ ಮಳೆನೀರು ಗೋಡೆಯ ಹೊಟ್ಟೆಗಿಳಿದು ಗಾರೆಯನ್ನು ತೊಳೆಯುತ್ತದೆ, ಹಕ್ಕಿ ಹಾಕಿದ ಅರಳಿಬೀಜ ಆ ಬಿರುಕಿನಲ್ಲಿಯೇ ಬೇರೂರುತ್ತದೆ. ಕಾಂಕ್ರೀಟಿನ ಭಾಗಗಳಲ್ಲಿ ಒಳಗಿನ ಸರಳು ತುಕ್ಕು ಹಿಡಿದು, ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ; ಮಿಲ್ಲಿನಲ್ಲಿ ಚೆಲ್ಲಿದ ಅದಿರಿನ ಪುಡಿಯ ಸಲ್ಫೇಟು ಆ ಕೆಲಸವನ್ನು ಇನ್ನಷ್ಟು ಸುಲಭ ಮಾಡಿಕೊಡುತ್ತದೆ. ಮುರಿದುಬಿದ್ದ ಸಿಮೆಂಟ್ ಶೀಟುಗಳು ಕಲ್ನಾರಿನವೆಂದೇ (ಆಸ್ಬೆಸ್ಟಾಸ್) ಎಣಿಸಿ, ಒಣಗಿರುವಾಗ ಎಳೆದಾಡಬೇಡಿ. ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನು ಮುಟ್ಟಲೇಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ ಕೆಡವಿಬಿಡುವುದೇ ಮೇಲು ಎನಿಸಬಹುದು. ಅದು ಕಡಿಮೆ ಅಪಾಯದ ದಾರಿ ಎಂಬುದು ತಪ್ಪು ತಿಳಿವಳಿಕೆ. ಕೆಡವಿದ ಅವಶೇಷವನ್ನು ಎಲ್ಲಿಗಾದರೂ ಹಾಕಲೇಬೇಕು, ಹೆಚ್ಚಾಗಿ ಅದನ್ನು ಶಾಫ್ಟಿಗೆ ಸುರಿಯುತ್ತಾರೆ. ಸುರಿದದ್ದು ನಡುವೆ ಎಲ್ಲೋ ಸಿಕ್ಕಿಕೊಂಡು ಮೇಲೆ ಗಟ್ಟಿ ನೆಲದಂತೆ ಕಾಣುತ್ತದೆ, ಕೆಲವು ಮಳೆಗಾಲಗಳ ನಂತರ ಒಮ್ಮೆಲೇ ಜಾರುತ್ತದೆ. ನೆಲದಲ್ಲಿ ಅಡಗಿದ್ದ ಲೋಹದ ಧೂಳು ಕೆಡವುವಾಗ ಊರಿಗೆಲ್ಲ ಹಬ್ಬುತ್ತದೆ. ಕೆಡವಿದ ಮೇಲೂ ಹುಳಿನೀರು ನಿಲ್ಲುವುದಿಲ್ಲ, ಆದರೆ ಅದು ಯಾಕೆ ಬರುತ್ತಿದೆ ಎಂದು ತಿಳಿಸುವ ಗುರುತುಗಳು ಹೋಗಿಬಿಟ್ಟಿರುತ್ತವೆ. ಮುಂಬೈಯ ಪರೇಲ್, ಲಾಲ್‌ಬಾಗ್‌ಗಳಲ್ಲಿ 1982ರ ಮುಷ್ಕರದ ನಂತರ ಒಂದೊಂದಾಗಿ ನಿಂತ ಗಿರಣಿಗಳ ಜಾಗದಲ್ಲಿ ಗೋಪುರಗಳೆದ್ದವು. ಕೆಲವು ಕಡೆ ಚಿಮಣಿಯೊಂದನ್ನು ಉಳಿಸಿದರು. ಬಾಯ್ಲರ್ ಮನೆ, ಯಂತ್ರಗಳು, ಡ್ರಾಯಿಂಗುಗಳು, ಹಾಜರಿ ಪುಸ್ತಕಗಳು ಗುಜರಿಗೆ ಹೋದವು. ಇಂದು ಅದರ ಬುಡದಲ್ಲಿ ನಡೆದುಹೋಗುವ ಹುಡುಗನಿಗೆ ಆ ಚಿಮಣಿ ಯಾವ ಕೆಲಸಕ್ಕೆ ಇತ್ತು, ಎಷ್ಟು ಜನ ಅದರ ಸುತ್ತ ಮೂರು ಪಾಳಿಯಲ್ಲಿ ದುಡಿದರು ಎಂದು ತಿಳಿಯುವ ದಾರಿಯೇ ಇಲ್ಲ. ಈ ನಷ್ಟವನ್ನು ಕಣ್ಣಾರೆ ಕಂಡದ್ದರಿಂದಲೇ ನಾನು ಗೋಡೆಗಿಂತ ಮೊದಲು ಕಾಗದ ಎನ್ನುತ್ತಿರುವುದು.

ನಕ್ಷೆ ನೆನಪಿನ ವಸ್ತುವಷ್ಟೇ ಅಲ್ಲ, ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂದು ಹೇಳಬಲ್ಲ ಒಂದೇ ಸಾಕ್ಷಿ. ಸ್ಟೋಪುಗಳು, ಅಂದರೆ ಅದಿರು ತೆಗೆದು ಖಾಲಿಯಾದ ಪೊಳ್ಳುಗಳು, ಕೆಲವೊಮ್ಮೆ ನೆಲಮಟ್ಟಕ್ಕೆ ಬಹಳ ಹತ್ತಿರ ಬಂದಿರುತ್ತವೆ. ನಡುವೆ ಬಿಟ್ಟ ಬಂಡೆಯ ಹೊದಿಕೆಯನ್ನು ಕ್ರೌನ್ ಪಿಲ್ಲರ್ ಎನ್ನುತ್ತೇವೆ. ಗಣಿಯ ಕೊನೆಯ ವರ್ಷಗಳಲ್ಲಿ ಪಿಲ್ಲರುಗಳಲ್ಲಿದ್ದ ಅದಿರನ್ನೂ ಬಿಡದೆ ತೆಗೆದಿರುವುದುಂಟು. ಸ್ವೀಡನ್ನಿನ ಫಾಲುನ್ ತಾಮ್ರದ ಗಣಿಯಲ್ಲಿ ಅಂಕೆಯಿಲ್ಲದೆ ತೋಡಿದ ಪೊಳ್ಳುಗಳ ನಡುವಿನ ಬಂಡೆ 1687ರಲ್ಲಿ ಕುಸಿದು ದೊಡ್ಡ ಕೂಪವೇ ಆಯಿತು; ನಡುಬೇಸಗೆಯ ಹಬ್ಬದ ರಜೆಯಾಗಿದ್ದುದರಿಂದ ಒಳಗೆ ಕೆಲಸಗಾರರಿರಲಿಲ್ಲ. ನನ್ನದೇ ಅನುಭವ ಹೇಳುವುದಾದರೆ, ಹೆಸರು ಬೇಡದ ಒಂದು ಗಣಿಯಲ್ಲಿ ಎಂಜಿನ್ ಮನೆಯ ಪಕ್ಕದ ಬಯಲಿನಲ್ಲಿ ನಾವು ಎಂಟು ಜನ ಎರಡು ದಿನ ಅಳತೆ ಮಾಡಿದ್ದೆವು. ಮೂರನೆಯ ದಿನ ನಿವೃತ್ತ ನೌಕರರೊಬ್ಬರು ತಂದುಕೊಟ್ಟ, ಗಣಿಯನ್ನು ಉದ್ದಕ್ಕೆ ಸೀಳಿದಂತೆ ಒಳಗನ್ನು ತೋರಿಸುವ ಉದ್ದಸೀಳು ನಕ್ಷೆಯಲ್ಲಿ ನೋಡಿದರೆ, ನಮ್ಮ ಕಾಲಡಿ ಆರೇಳು ಮೀಟರಿನಲ್ಲಿ ಸ್ಟೋಪಿನ ಪೊಳ್ಳಿತ್ತು. ಆ ಹಾಳೆಯ ಬೆಲೆ ನನಗೆ ಅಂದು ಗೊತ್ತಾಯಿತು.

ಗಣಿಯನ್ನು ತ್ಯಜಿಸುವಾಗ ಅದರ ನಕ್ಷೆಗಳನ್ನು ಗಣಿಗಳ ಮುಖ್ಯ ಇನ್ಸ್‌ಪೆಕ್ಟರಿಗೆ ಒಪ್ಪಿಸಬೇಕೆಂದು 1961ರ ಲೋಹಗಣಿ ನಿಯಮಾವಳಿ ಹೇಳುತ್ತದೆ, ಹಾಗಾಗಿ ಒಂದು ಪ್ರತಿ ಧನಬಾದ್‌ನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದಲ್ಲಿ ಇರಬೇಕು. ಗಣಿ ಮುಚ್ಚುವ ಯೋಜನೆಯ ಕಾಗದಗಳಿದ್ದರೆ ಅವು ನಿಮ್ಮ ರಾಜ್ಯದಲ್ಲಿಯೇ ಇರುವ ನಾಗಪುರದ ಭಾರತೀಯ ಗಣಿ ಬ್ಯೂರೊದಲ್ಲಿ ಸಿಗಬಹುದು. ಎರಡೂ ಕಡೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಜಮೀನು ಇಂದು ಯಾರ ಹೆಸರಿನಲ್ಲಿದೆ ಎಂಬುದನ್ನೂ ಕೇಳಿ. ಒಡೆಯರ ಲಿಖಿತ ಒಪ್ಪಿಗೆಯಿಲ್ಲದೆ ಅಲ್ಲಿ ಒಂದು ಇಟ್ಟಿಗೆಯನ್ನಿಟ್ಟರೂ ಮುಂದೆ ಆಗುವ ಅಪಘಾತಕ್ಕೆ ನಿಮ್ಮ ಮೂವತ್ತು ಕುಟುಂಬಗಳನ್ನು ಹೊಣೆ ಮಾಡುವ ಸಾಧ್ಯತೆಯಿದೆ. ಸರ್ಕಾರವೇ ಸ್ಮಾರಕವೆಂದು ರಕ್ಷಿಸಲಿ ಎಂಬ ನಿರೀಕ್ಷೆ ಬೇಡ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ ನೂರು ವರ್ಷದ ಹಳಮೆಯನ್ನು ಕೇಳುತ್ತದೆ, ನಮ್ಮ ಬಹುಪಾಲು ಕಾರ್ಖಾನೆ, ಗಣಿಗಳು ಆ ವಯಸ್ಸು ತಲುಪುವ ಮೊದಲೇ ಮಾಯವಾಗುತ್ತಿವೆ.

ನಕ್ಷೆಯೂ ನೀರಿನ ವರದಿಯೂ ಕೈಗೆ ಬಂದ ಮೇಲೆ ನಿಮ್ಮ ಮುಂದಿರುವ ದಾರಿಗಳು ಸ್ಪಷ್ಟವಾಗುತ್ತವೆ. ಶಾಫ್ಟಿನ ಬಾಯಿ ಮುಚ್ಚಿಸುವುದು ಮಾತ್ರ ಆಯ್ಕೆಯಲ್ಲ, ಅದು ಆಗಲೇಬೇಕು. ಒಡೆಯರಿಗೂ ಜಿಲ್ಲಾಧಿಕಾರಿಗೂ ಈ ವಾರವೇ ಫೋಟೊ ಸಮೇತ ಬರೆಯಿರಿ. ಗಟ್ಟಿಬಂಡೆಯ ಮೇಲೆ ಊರುವ ಕಾಂಕ್ರೀಟ್ ಮುಚ್ಚಳಕ್ಕೆ ಗಾಳಿಗಂಡಿ ಬೇಕು, ಬಾವಲಿಗಳು ವಾಸವಾಗಿದ್ದರೆ ಅವು ಓಡಾಡುವಷ್ಟು ಅಂತರದ ಕಬ್ಬಿಣದ ಜಾಲರಿ ಬೇಕು. ಉಳಿದ ಕಟ್ಟಡಗಳನ್ನು ಬೇಲಿ ಹಾಕಿ ಹಾಗೆಯೇ ಬಿಡುವುದು ಅಗ್ಗ, ಆದರೆ ಬೇಲಿಯೇ ಕಳುವಾಗುತ್ತದೆ. ಇದ್ದ ಸ್ಥಿತಿಯಲ್ಲಿಯೇ ಗಟ್ಟಿಗೊಳಿಸುವುದು ನನ್ನ ಒಲವಿನ ದಾರಿ: ಅರಳಿಗಿಡವನ್ನು ಕೀಳದೆ ಬುಡದಲ್ಲಿ ಕತ್ತರಿಸಿ ಸಾಯಿಸುವುದು, ಗೋಡೆಯ ನೆತ್ತಿಗೆ ಮೂಲದ ಗಾರೆಗೆ ಹೊಂದುವ ಹೊದಿಕೆ ಹಾಕಿ ನೀರು ಹೊರಗೆ ಜಾರುವಂತೆ ಮಾಡುವುದು, ವಾಲಿದ ಗೋಡೆಗೆ ಆಸರೆ ಕೊಡುವುದು. ಇದು ಕಾಣುವುದಕ್ಕೆ ಏನೂ ಮಾಡಿದಂತಿರುವುದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕಾಗುತ್ತದೆ, ಆದ್ದರಿಂದ ಹಣ ಕೊಟ್ಟವರ ಉತ್ಸಾಹ ಬೇಗ ಇಳಿಯುತ್ತದೆ. ಅದೇ ಅದರ ದೊಡ್ಡ ಅಪಾಯ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟ್ ಮೆತ್ತಿಸಿ ಹೊಸದಾಗಿ ಕಾಣುವಂತೆ ಮಾಡಿದರೆ ನೀರು ಒಳಗೇ ಸಿಕ್ಕಿಕೊಂಡು ಗೋಡೆ ಬೇಗ ಸಾಯುತ್ತದೆ.

ಮಿಲ್ಲನ್ನೇ ವಸ್ತುಸಂಗ್ರಹಾಲಯ ಮಾಡುವುದಕ್ಕೆ ನೆಲದ ಮಣ್ಣಿನ ಪರೀಕ್ಷೆ, ಕಾವಲು, ವಿದ್ಯುತ್ತು, ವರ್ಷವರ್ಷ ಬರುವ ಆದಾಯ ಬೇಕು. ಫಾಲುನ್ 2001ರಲ್ಲಿ, ಚಿಲಿಯ ಸೆವೆಲ್ ಎಂಬ ತಾಮ್ರದ ಊರು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು ನಿಜ. ಸೆವೆಲ್ ಅನ್ನು ನೋಡಿಕೊಳ್ಳುವುದಕ್ಕೆ ಪಕ್ಕದಲ್ಲಿ ಇಂದಿಗೂ ನಡೆಯುತ್ತಿರುವ ದೊಡ್ಡ ಗಣಿಯಿದೆ. ನಿಮಗೆ ಆ ಆಸರೆಯಿಲ್ಲ. ಇನ್ನೊಂದು ಸಾಧ್ಯತೆಯನ್ನೂ ತಿಳಿದಿರಿ. ತಾಮ್ರದ ಬೆಲೆ ಏರಿದಾಗ ಹಳೆಯ ಟೇಲಿಂಗ್ಸ್‌ನಲ್ಲಿ ಉಳಿದ ತಾಮ್ರವನ್ನು ತೆಗೆಯಲು ಕಂಪನಿಗಳು ಮರಳಿ ಬರುವುದುಂಟು. ಹಾಗಾದರೆ ಮಿಲ್ ನೆಲಸಮವಾದೀತು, ಆದರೆ ಊರಿನ ನೀರಿಗೆ ಸುಣ್ಣ ಹಾಕುವ ಹಣವೂ ಅದೇ ದಾರಿಯಿಂದ ಬಂದೀತು. ಆ ಸಂದರ್ಭ ಬಂದರೆ ನಾನು ಕೆಳಗಿನ ಬಾವಿಗಳ ಪರ ನಿಲ್ಲುತ್ತೇನೆ, ಕಟ್ಟಡದ ಪೂರ್ಣ ದಾಖಲೆಯನ್ನು ಷರತ್ತಾಗಿ ಕೇಳುತ್ತೇನೆ.

ವಸ್ತುಸಂಗ್ರಹಾಲಯ ಗಣಿಯಲ್ಲಿಯೇ ಆಗಬೇಕೆಂದೂ ಇಲ್ಲ. ಮೂವತ್ತು ಕುಟುಂಬಗಳು ಇರುವುದು ಮುಂಬೈ, ಪುಣೆಗಳಲ್ಲಿ. ಕ್ಯಾಪ್ ಲ್ಯಾಂಪು, ಹಾಜರಿ ಬಿಲ್ಲೆ, ಫೋಟೊಗಳು ಇರುವುದೂ ಇಲ್ಲಿಯ ಅಟ್ಟಗಳ ಮೇಲೆ. ಪುಣೆಯ ಕಸಬಾ ಪೇಟೆಯಲ್ಲಿರುವ ತಾಮ್ರ ಕೆಲಸಗಾರರ ಓಣಿಯಾದ ತಾಂಬಟ್ ಆಳಿಯಲ್ಲಿ ಇಂದಿಗೂ ತಾಮ್ರವನ್ನು ಸುತ್ತಿಗೆಯಿಂದ ಬಡಿದು ಪಾತ್ರೆ ಮಾಡುತ್ತಾರೆ. ಆ ಕೆಲಸ ನೋಡಿದ ಮಕ್ಕಳಿಗೆ ಅದಿರಿನ ಕಲ್ಲನ್ನೂ ತಾತನ ದನಿಯನ್ನೂ ಅದೇ ದಿನ ಒಂದು ಸಭಾಂಗಣದಲ್ಲಿ ಕೊಡುವುದು ನಿಮ್ಮ ಕೈಯಲ್ಲಿರುವ ಹಣದಲ್ಲಿಯೇ ಆಗುತ್ತದೆ. ಪಾಳಿಗಳಲ್ಲಿ ದುಡಿದವರಲ್ಲಿ ಬದುಕಿರುವವರ ಮಾತುಗಳನ್ನು ಈ ವರ್ಷವೇ ಧ್ವನಿಮುದ್ರಿಸಿ. ‘ಕಷ್ಟವಾಗುತ್ತಿತ್ತೇ’ ಎಂದು ಕೇಳುವುದಕ್ಕಿಂತ ನಕ್ಷೆಯನ್ನು ಮುಂದೆ ಹರಡಿ ‘ಕೇಜ್ (ಗಣಿಯ ಲಿಫ್ಟು) ಇಳಿದ ಮೇಲೆ ಯಾವ ಕಡೆ ನಡೆಯುತ್ತಿದ್ದಿರಿ, ನೀರು ಎಲ್ಲಿ ಸೋರುತ್ತಿತ್ತು, ಯಾವ ಪಿಲ್ಲರನ್ನು ಕೊನೆಗೆ ತೆಗೆದಿರಿ’ ಎಂದು ಕೇಳಿದರೆ, ಅವರ ಬದುಕೂ ಬರುತ್ತದೆ, ನೆಲದ ಭದ್ರತೆಗೆ ಬೇಕಾದ ಮಾಹಿತಿಯೂ ಬರುತ್ತದೆ.

ಕೊನೆಯದಾಗಿ ಟ್ರಂಕು. ಲ್ಯಾಮಿನೇಟ್ ಮಾಡಿಸಬೇಡಿ, ಆ ಶಾಖಕ್ಕೂ ಅಂಟಿಗೂ ಹಳೆಯ ಕಾಗದ ಹಾಳಾಗುತ್ತದೆ, ಹಿಂದಕ್ಕೆ ತರಲಾಗುವುದಿಲ್ಲ. ಆ ಕಾಲದವು ಹೆಚ್ಚಾಗಿ ಮೂಲ ನಕ್ಷೆಯಿಂದ ತೆಗೆದ ಅಮೋನಿಯಾ ಪ್ರಿಂಟುಗಳು, ಬೆಳಕಿಗೆ ತೂಗುಹಾಕಿದರೆ ಗೆರೆಗಳು ಮಾಸುತ್ತವೆ. ನುಣುಪಾದ ಬಟ್ಟೆಯಂಥ ಹಾಳೆಯ ಮೇಲೆ ಶಾಯಿಯಲ್ಲಿ ಬರೆದವಿದ್ದರೆ ಅವು ಮೂಲ ಪ್ರತಿಗಳು, ಅವಕ್ಕೆ ನೀರು ತಾಗಿಸಬೇಡಿ. ಸುರುಳಿ ಸುತ್ತಿದವನ್ನು ಒಮ್ಮೆಲೇ ಬಿಡಿಸದೆ, ಒಂದೆರಡು ದಿನ ಹಗುರವಾದ ಭಾರವಿಟ್ಟು ಹರವಿ. ದೊಡ್ಡ ಹಾಳೆಗಳನ್ನು ಮಡಿಸದೆ ತೆಗೆಯುವ ಸ್ಕ್ಯಾನರಿನಲ್ಲಿ, ಅಳತೆಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು, 400 ಡಿಪಿಐಯಲ್ಲಿ ಬಣ್ಣದ ಪ್ರತಿ ಮಾಡಿಸಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ದಿನಾಂಕ, ಸಹಿ, ಟಿಪ್ಪಣಿಗಳನ್ನು ಕತ್ತರಿಸಿಹಾಕದಂತೆ ಹೇಳಿ. ಒಂದು ಪ್ರತಿ ಜಮೀನಿನ ಒಡೆಯರಿಗೆ, ಒಂದು ಧನಬಾದ್‌ಗೆ, ಒಂದು ಆ ಊರಿನ ಪಂಚಾಯಿತಿಗೆ ಹೋಗಲಿ. ಮೂಲ ಹಾಳೆಗಳನ್ನು ಟ್ರಂಕಿಗೆ ಮರಳಿಸುವ ಮೊದಲು ಅದರ ತಳದ ತುಕ್ಕನ್ನು ಕೆರೆದು ತೆಗೆದು, ಶುಭ್ರವಾದ ಹತ್ತಿಬಟ್ಟೆ ಹಾಸಿ. ಮಗನ ಕಲ್ಲನ್ನು ಮಾತ್ರ ಅದರೊಳಗೆ ಇಡಬೇಡಿ.